ಎರಡು ಮನೆಗಳ ನಡುವಣ ನೇರ ಸಂಪರ್ಕ: ಅದರ ಪರೀಕ್ಷೆ ಮತ್ತು ಪಾಲನೆ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ದೂರದ ನಗರದಲ್ಲಿ ನೆಲೆಸಿದವರಿಗೆ ಊರಿನಿಂದ ಬರುವ ಕ್ಷೇಮಸಮಾಚಾರವೇ ಅರ್ಧ ಆರೋಗ್ಯವೆಂದರೆ ಉತ್ಪ್ರೇಕ್ಷೆಯಾಗಲಾರದು. ಸಮಾಚಾರ ತಡವಾದರೆ ಮನಸ್ಸು ಕಳವಳಗೊಳ್ಳುತ್ತದೆ; ಅರ್ಧಂಬರ್ಧವಾಗಿ ಕಿವಿಗೆ ಬಿದ್ದರೆ ಆ ಕಳವಳ ಇಮ್ಮಡಿಯಾಗುತ್ತದೆ. ಹೈದರಾಬಾದಿನ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ಹೈದರಾಬಾದ್ ರಾಜ್ಯದ ಭಾಗವೇ ಆಗಿದ್ದವು. ಅಂದು ರಾಜ್ಯದ ಗಡಿ ಬದಲಾಯಿತು; ಆದರೆ ನೆಂಟಸ್ತನದ ಗಡಿ ಬದಲಾಗಲಿಲ್ಲ. ಅಣ್ಣ ಕಾಚಿಗುಡದಲ್ಲಿ, ತಂಗಿ ಕಲಬುರಗಿಯಲ್ಲಿ, ವಯಸ್ಸಾದ ತಾಯಿ ಬೀದರದ ಮನೆಯಲ್ಲಿ ಎಂಬಂತೆ ಹಂಚಿಹೋದ ಸಂಸಾರಗಳು ಇಂದಿಗೂ ಅನೇಕ.

ಇಂಥ ಸಂಸಾರಗಳನ್ನು ಬೆಸೆಯುವ ಸಾಧನಗಳು ಕಾಲದಿಂದ ಕಾಲಕ್ಕೆ ಬದಲಾಗಿವೆ. ಅಂಚೆ ಕಾರ್ಡು, ತಂತಿ, ಗಂಟೆಗಟ್ಟಲೆ ಕಾದು ಪಡೆಯಬೇಕಾಗಿದ್ದ ಟ್ರಂಕ್ ಕಾಲ್, ಇವೆಲ್ಲವೂ ಒಂದೊಂದು ಕಾಲದ ಸೇತುವೆಗಳು. ನಿರ್ವಾಹಕರ ನೆರವಿಲ್ಲದೆ ಬಳಕೆದಾರನೇ ಪರಊರಿಗೆ ಕರೆ ಮಾಡುವ ಎಸ್.ಟಿ.ಡಿ. ಸೌಲಭ್ಯ ಭಾರತದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಖನೌ ಮತ್ತು ಕಾನ್ಪುರಗಳ ನಡುವೆ. ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ಕೊನೆಗೊಂಡಿತು. ಈಗ ಆ ಸ್ಥಾನವನ್ನು ವೀಡಿಯೊ ಕರೆ ಪಡೆದಿದೆ. ಮೊಮ್ಮಗನ ಮುಖ ನೋಡುವುದಕ್ಕಷ್ಟೇ ಅಲ್ಲ, ವೈದ್ಯರ ಸಲಹೆಗೂ ಅದೇ ಮಾರ್ಗವಾಗಿದೆ. 2020ರ ಮಾರ್ಚ್ 25ರಂದು ಭಾರತ ಸರ್ಕಾರ ಹೊರಡಿಸಿದ ದೂರವೈದ್ಯಕೀಯ ಮಾರ್ಗಸೂಚಿಗಳು ವೀಡಿಯೊ ಮೂಲಕ ರೋಗಿಯನ್ನು ನೋಡಿ ಸಲಹೆ ನೀಡಲು ವೈದ್ಯರಿಗೆ ಸ್ಪಷ್ಟವಾದ ಅವಕಾಶ ಕಲ್ಪಿಸಿವೆ.

ಆದರೆ ಈ ಸೇತುವೆ ಒಮ್ಮೊಮ್ಮೆ ನಡುಗುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ವೀಡಿಯೊದಲ್ಲಿ ಎದೆಯ ಏರಿಳಿತ ನೋಡಿ ವೈದ್ಯರು ಇದನ್ನು ಎಣಿಸುತ್ತಿರುವಾಗ ಚಿತ್ರ ಹತ್ತು ಸೆಕೆಂಡು ಸ್ತಬ್ಧವಾದರೆ ಎಣಿಕೆಯೇ ತಪ್ಪುತ್ತದೆ. ಮಾತ್ರೆಯ ಪ್ರಮಾಣ ಹೇಳುವಾಗ ಒಂದು ಶಬ್ದ ನುಂಗಿಹೋದರೆ ಪರಿಣಾಮ ಊಹಿಸಬಹುದು. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಫೋನನ್ನು ದೂರುವುದು, ಕಂಪನಿಯನ್ನು ಬಯ್ಯುವುದು, ಹೆಚ್ಚಿನ ವೇಗದ ಪ್ಲಾನಿಗೆ ಹಣ ಕಟ್ಟುವುದು. ರೋಗವನ್ನು ಪತ್ತೆ ಹಚ್ಚದೆ ಔಷಧಿ ಕುಡಿಸುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಮನೆಯಲ್ಲಿ ಒಂದು ಸಾಧಾರಣ ಗಣಕಯಂತ್ರವಿದ್ದರೆ, ನಾಲ್ಕಾರು ಅಕ್ಷರಗಳ ಆದೇಶಗಳಿಂದಲೇ ದೋಷ ಯಾವ ಭಾಗದಲ್ಲಿದೆಯೆಂದು ಬಹುಮಟ್ಟಿಗೆ ಕಂಡುಕೊಳ್ಳಬಹುದು. ಆ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ನೇರ ಸಂಪರ್ಕವೆಂದರೇನು?

ಅಂತರಜಾಲದಲ್ಲಿ ಎರಡು ಬಗೆಯ ವ್ಯವಹಾರಗಳಿವೆ. ಮೊದಲನೆಯದರಲ್ಲಿ ಎಲ್ಲರೂ ಒಂದು ದೊಡ್ಡ ಕೇಂದ್ರಯಂತ್ರವನ್ನು ಸಂಪರ್ಕಿಸುತ್ತಾರೆ. ಅದು ಅಂಚೆ ಕಚೇರಿಯಿದ್ದಂತೆ. ಪ್ರತಿಯೊಂದು ಪತ್ರವೂ ಅಲ್ಲಿಗೆ ಹೋಗಿಯೇ ಮುಂದೆ ಸಾಗಬೇಕು. ಎರಡನೆಯದರಲ್ಲಿ ಎರಡು ಮನೆಗಳ ಯಂತ್ರಗಳು ಸಮಾನಸ್ಥಾನದಲ್ಲಿ ನಿಂತು, ನಡುವೆ ಅಂಥ ಕೇಂದ್ರವಿಲ್ಲದೆ, ಪರಸ್ಪರ ನೇರವಾಗಿ ಕೊಡುಕೊಳ್ಳುತ್ತವೆ. ಇದಕ್ಕೆ ಪೀರ್-ಟು-ಪೀರ್, ಅಂದರೆ ಸಮಾನರ ನೇರ ಸಂಪರ್ಕ, ಎಂದು ಹೆಸರು. 2003ರಲ್ಲಿ ಬಂದ ಸ್ಕೈಪ್ ಈ ವಿಧಾನವನ್ನು ಮನೆಮನೆಗೆ ಪರಿಚಯಿಸಿತು. ಮುಂದೆ ಅದೂ ಕೇಂದ್ರಯಂತ್ರಗಳ ಕಡೆಗೆ ವಾಲಿ, 2025ರ ಮೇ ತಿಂಗಳಲ್ಲಿ ನಿಂತುಹೋಯಿತು. ಆದರೆ ತತ್ತ್ವ ಉಳಿದಿದೆ. ವಾಟ್ಸ್‌ಆ್ಯಪ್‌ನಲ್ಲಿ ಇಬ್ಬರು ಮಾತ್ರ ಮಾತನಾಡುವಾಗ, ಸಾಧ್ಯವಾದರೆ, ಕರೆ ನೇರವಾಗಿಯೇ ಸಾಗುತ್ತದೆ. ಬ್ರೌಸರುಗಳಲ್ಲಿ ನಡೆಯುವ ಅನೇಕ ವೀಡಿಯೊ ಭೇಟಿಗಳಿಗೆ ಆಧಾರವಾದ ವೆಬ್ಆರ್‌ಟಿಸಿ ಎಂಬ ವ್ಯವಸ್ಥೆಯೂ ಮೊದಲು ನೇರ ದಾರಿಯನ್ನೇ ಹುಡುಕುತ್ತದೆ. ಅದು 2021ರ ಜನವರಿಯಲ್ಲಿ ಅಧಿಕೃತ ಮಾನದಂಡವಾಯಿತು.

ನೇರ ದಾರಿಯ ಲಾಭವೇನೆಂಬುದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಆದ್ದರಿಂದ ಪ್ರತಿ 100 ಕಿಲೋಮೀಟರ್ ದೂರಕ್ಕೆ ಹೋಗಿಬರಲು 1 ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಬೇಕೇಬೇಕು. ಹೈದರಾಬಾದಿನಿಂದ ಬೀದರ ಸುಮಾರು 140 ಕಿಲೋಮೀಟರ್. ನೇರ ತಂತಿಯಿದ್ದರೆ ಒಂದೂವರೆ ಮಿಲಿಸೆಕೆಂಡ್ ಸಾಕು. ಅದೇ ಮಾತು ಸುಮಾರು 3,300 ಕಿಲೋಮೀಟರ್ ದೂರದ ಸಿಂಗಪುರದ ಕೇಂದ್ರವೊಂದನ್ನು ಸುತ್ತಿ ಬಂದರೆ, ಬೆಳಕಿನ ಪಯಣಕ್ಕೇ 66 ಮಿಲಿಸೆಕೆಂಡ್ ತಗಲುತ್ತದೆ. ಡಲ್ಲಾಸಿನಲ್ಲಿರುವ ಮಗನಿಗೆ ಮಾತು ಹೋಗಿಬರಲು 140 ಮಿಲಿಸೆಕೆಂಡಿಗಿಂತ ಕಡಿಮೆ ಕಾಲ ಎಂದಿಗೂ ಸಾಧ್ಯವಿಲ್ಲ. ಕಡಲಡಿಯ ತಂತಿಗಳು ಬಳಸಿ ಹೋಗುವುದರಿಂದ 200 ದಾಟುವುದೇ ಸಹಜ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನೊಳಗಿದ್ದರೆ ಮಾತುಕತೆ ಸರಾಗವೆಂದೂ, 400 ಮೀರಬಾರದೆಂದೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ತಿಳಿಸುತ್ತದೆ. ವಿಳಂಬ ಹೆಚ್ಚಾದಾಗ ಇಬ್ಬರೂ ಒಟ್ಟಿಗೆ ಮಾತನಾಡಿ, ಒಟ್ಟಿಗೆ ನಿಲ್ಲಿಸುವ ಅನುಭವ ಎಲ್ಲರಿಗೂ ಆಗಿರತಕ್ಕದ್ದೇ.

ಹೆಬ್ಬಾಗಿಲ ಕಾವಲುಗಾರ

ನೇರ ಸಂಪರ್ಕ ಇಷ್ಟು ಹಿತವಾದುದಾದರೆ ಅದು ಸದಾ ಏಕೆ ದೊರೆಯುವುದಿಲ್ಲ? ಇದಕ್ಕೆ ಮುಖ್ಯ ಕಾರಣ ವಿಳಾಸಗಳ ಅಭಾವ. ಅಂತರಜಾಲದ ಹಳೆಯ ವಿಳಾಸಪದ್ಧತಿಯಲ್ಲಿ ಒಟ್ಟು 429 ಕೋಟಿ ವಿಳಾಸಗಳು ಮಾತ್ರ ಇವೆ. 2011ರ ಫೆಬ್ರವರಿಯಲ್ಲಿ ಜಗತ್ತಿನ ಕೇಂದ್ರ ದಾಸ್ತಾನು ಬರಿದಾಯಿತು. ಅದೇ ಏಪ್ರಿಲ್ ತಿಂಗಳಲ್ಲಿ ಏಷ್ಯಾ-ಪೆಸಿಫಿಕ್ ವಲಯದ ದಾಸ್ತಾನು ಕಟ್ಟಕಡೆಯ ಕಂತಿಗೆ ಇಳಿದು ಪಡಿತರ ಪದ್ಧತಿ ಆರಂಭವಾಯಿತು. ಆದಕಾರಣ ಒಂದೇ ವಿಳಾಸವನ್ನು ಮನೆಯ ಎಲ್ಲ ಯಂತ್ರಗಳೂ, ಅನೇಕ ಕಡೆ ನೂರಾರು ಮನೆಗಳೂ, ಹಂಚಿಕೊಳ್ಳಬೇಕಾಗಿದೆ.

ಇದನ್ನು ಹೈದರಾಬಾದಿನ ಒಂದು ದೊಡ್ಡ ಅಪಾರ್ಟ್‌ಮೆಂಟಿಗೆ ಹೋಲಿಸಬಹುದು. ಹೊರಗಿನವರಿಗೆ ತಿಳಿದಿರುವುದು ಕಟ್ಟಡದ ವಿಳಾಸ ಮಾತ್ರ. ಹೆಬ್ಬಾಗಿಲಲ್ಲಿ ಒಬ್ಬ ವಾಚ್‌ಮನ್ ಇದ್ದಾನೆ. ಒಳಗಿನವರು ಯಾರಿಗಾದರೂ ಪತ್ರ ಕಳಿಸಿದರೆ ಅವನು ತನ್ನ ಪುಸ್ತಕದಲ್ಲಿ ಬರೆದುಕೊಂಡು, ಉತ್ತರ ಬಂದಾಗ ಸರಿಯಾದ ಮನೆಗೆ ತಲಪಿಸುತ್ತಾನೆ. ಯಾರೂ ಕರೆಯದೆ ಬಂದ ಅಪರಿಚಿತನನ್ನು ಮಾತ್ರ ಬಾಗಿಲಲ್ಲೇ ತಡೆಯುತ್ತಾನೆ. ಮನೆಯ ರೂಟರ್ ಮಾಡುವುದು ಇದೇ ಕೆಲಸ. ಹೈದರಾಬಾದಿನ ಮನೆಗೂ ಇಂಥ ವಾಚ್‌ಮನ್, ಬೀದರದ ಮನೆಗೂ ಇಂಥ ವಾಚ್‌ಮನ್ ಇದ್ದಾಗ, ಇಬ್ಬರಲ್ಲಿ ಯಾರು ಮೊದಲು ಹೋದರೂ ತಡೆಯೇ.

ಈ ಕಗ್ಗಂಟನ್ನು ಬಿಡಿಸುವ ಉಪಾಯ ಸೊಗಸಾಗಿದೆ. ಸಂಬಂಧ ಕುದುರಿಸುವ ಮಧ್ಯಸ್ಥನಂತೆ ಒಂದು ಪರಿಚಯ ಕೇಂದ್ರ ಎರಡೂ ಕಡೆಯವರಿಗೆ ಎದುರು ಕಡೆಯ ವಿಳಾಸವನ್ನು ತಿಳಿಸುತ್ತದೆ. ಕೂಡಲೇ ಎರಡೂ ಮನೆಗಳು ಏಕಕಾಲಕ್ಕೆ ಪರಸ್ಪರ ಪತ್ರ ಕಳಿಸುತ್ತವೆ. ಎರಡೂ ಬಾಗಿಲ ಪುಸ್ತಕಗಳಲ್ಲಿ ಹೆಸರು ದಾಖಲಾಗಿರುವುದರಿಂದ, ಎದುರಿನಿಂದ ಬಂದ ಪತ್ರವನ್ನು ಉತ್ತರವೆಂದೇ ಭಾವಿಸಿ ವಾಚ್‌ಮನ್‌ಗಳು ಒಳಗೆ ಬಿಡುತ್ತಾರೆ. ಅಲ್ಲಿಗೆ ಮಧ್ಯಸ್ಥನ ಕೆಲಸ ಮುಗಿಯಿತು. ಆದರೆ ಕೆಲವು ವಾಚ್‌ಮನ್‌ಗಳು ಪ್ರತಿ ವಿಳಾಸಕ್ಕೂ ಬೇರೆ ಬೇರೆ ಟೋಕನ್ ಕೊಡುವಷ್ಟು ಕಟ್ಟುನಿಟ್ಟಿನವರು. ಮಧ್ಯಸ್ಥನಿಗೆ ತಿಳಿದಿರುವ ಟೋಕನ್ ಎದುರು ಮನೆಗೆ ಸಲ್ಲುವುದಿಲ್ಲ. ಆಗ ಎಲ್ಲ ಮಾತುಗಳೂ ಮಧ್ಯಸ್ಥನ ಕೈಯಿಂದಲೇ ದಾಟಬೇಕಾಗುತ್ತದೆ. ಕರೆ ನಡೆಯುತ್ತದೆ, ಆದರೆ ಸುತ್ತುದಾರಿಯಲ್ಲಿ.

ಪರೀಕ್ಷೆಯ ಕ್ರಮ

ನುರಿತ ವೈದ್ಯರು ರೋಗಿಯನ್ನು ಒಂದು ಕ್ರಮದಲ್ಲಿ ಪರೀಕ್ಷಿಸುತ್ತಾರೆ. ಇಲ್ಲಿಯೂ ಹತ್ತಿರದಿಂದ ದೂರಕ್ಕೆ ಸಾಗುವುದೇ ಕ್ರಮ: ಮೊದಲು ಮನೆಯೊಳಗಿನ ದಾರಿ, ಬಳಿಕ ಮನೆಯಿಂದ ಹೊರಜಾಲಕ್ಕೆ ಹೋಗುವ ದಾರಿ, ಕೊನೆಗೆ ಎರಡು ಮನೆಗಳ ನಡುವಣ ದಾರಿ. ಪರೀಕ್ಷೆ ಎರಡೂ ಮನೆಗಳಲ್ಲಿ, ಕರೆ ಕೆಡುವ ಹೊತ್ತಿನಲ್ಲಿಯೇ, ನಡೆಯಬೇಕು. ಹೈದರಾಬಾದಿನಲ್ಲಿ ಎಲ್ಲವೂ ಸರಿಯಿದ್ದು ದೋಷ ಬೀದರದಲ್ಲಿದ್ದರೆ, ಇಲ್ಲಿ ಮಾತ್ರ ಪರೀಕ್ಷಿಸಿ ಪ್ರಯೋಜನವಿಲ್ಲ.

ವಿಂಡೋಸ್ ಗಣಕದಲ್ಲಿ ಸ್ಟಾರ್ಟ್ ಗುಂಡಿಯನ್ನೊತ್ತಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು ಎಂಟರ್ ಒತ್ತಿದರೆ ಕಪ್ಪು ಕಿಟಕಿಯೊಂದು ತೆರೆದುಕೊಳ್ಳುತ್ತದೆ. ಚಿತ್ರಗಳನ್ನು ಒತ್ತುವ ಬದಲು ಇಲ್ಲಿ ಆದೇಶವನ್ನು ಅಕ್ಷರಗಳಲ್ಲಿ ಬರೆಯಬೇಕು. ಉತ್ತರವೂ ಅಕ್ಷರಗಳಲ್ಲೇ ಬರುತ್ತದೆ. ಇದನ್ನು ಕಂಡು ಅಂಜುವ ಕಾರಣವಿಲ್ಲ. ಇಲ್ಲಿ ಹೇಳುವ ಪರೀಕ್ಷೆಯ ಆದೇಶಗಳು ಯಂತ್ರದಲ್ಲಿ ಏನನ್ನೂ ಅಳಿಸುವುದಿಲ್ಲ, ಯಾವ ವ್ಯವಸ್ಥೆಯನ್ನೂ ಬದಲಿಸುವುದಿಲ್ಲ.

ಮೊದಲ ಆದೇಶ ಐಪಿಕಾನ್ಫಿಗ್. ಇಂಗ್ಲಿಷಿನಲ್ಲಿ ಐ, ಪಿ, ಸಿ, ಒ, ಎನ್, ಎಫ್, ಐ, ಜಿ. ಉತ್ತರದಲ್ಲಿ ಡಿಫಾಲ್ಟ್ ಗೇಟ್‌ವೇ ಎಂಬ ಸಾಲಿನ ಮುಂದೆ ಕಾಣುವ ಸಂಖ್ಯೆಯೇ ಮನೆಯ ರೂಟರಿನ ವಿಳಾಸ. ಅದು ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಎಂದಿರುತ್ತದೆ.

ಎರಡನೆಯ ಆದೇಶ ಪಿಂಗ್. ಪಿ, ಐ, ಎನ್, ಜಿ. ಇದು ಜಾಲದ ನಾಡಿಪರೀಕ್ಷೆ. ಅಮೆರಿಕದ ಸೇನಾ ಸಂಶೋಧನಾಲಯವೊಂದರಲ್ಲಿದ್ದ ಮೈಕ್ ಮುಸ್ ಎಂಬ ವಿಜ್ಞಾನಿ 1983ರ ಡಿಸೆಂಬರಿನಲ್ಲಿ ಇದನ್ನು ಬರೆದರು. ಜಲಾಂತರ್ಗಾಮಿಗಳು ನೀರಿನಲ್ಲಿ ಧ್ವನಿ ಹಾಯಿಸಿ ಮರುಧ್ವನಿಯಿಂದ ದೂರ ಅಳೆಯುವ ಸೋನಾರ್ ಸಾಧನದ ಸದ್ದೇ ಇದರ ಹೆಸರಿಗೆ ಮೂಲ. ಪಿಂಗ್ ಕೂಡ ಒಂದು ಚಿಕ್ಕ ಪೊಟ್ಟಣವನ್ನು ಕಳಿಸಿ, ಅದರ ಉತ್ತರ ಎಷ್ಟು ಮಿಲಿಸೆಕೆಂಡಿನಲ್ಲಿ ಬಂತೆಂದು ಅಳೆಯುತ್ತದೆ. ವಿಂಡೋಸಿನಲ್ಲಿ ಸುಮ್ಮನೆ ಬರೆದರೆ ನಾಲ್ಕೇ ಪೊಟ್ಟಣಗಳು ಹೋಗುತ್ತವೆ. ನಾಲ್ಕು ಬಡಿತ ಎಣಿಸಿ ನಾಡಿ ಹೇಳುವುದು ಸರಿಯಲ್ಲ. ಆದುದರಿಂದ ಪಿಂಗ್, ಅಡ್ಡಗೆರೆ ಎನ್, 50, ರೂಟರಿನ ವಿಳಾಸ, ಹೀಗೆ ನಡುನಡುವೆ ಜಾಗ ಬಿಟ್ಟು ಬರೆದು ಐವತ್ತು ಪೊಟ್ಟಣಗಳನ್ನು ಕಳಿಸಬೇಕು. ಮ್ಯಾಕ್ ಮತ್ತು ಲಿನಕ್ಸ್ ಯಂತ್ರಗಳಲ್ಲಿ ಎನ್ ಬದಲು ಸಿ ಎಂದು ಬರೆಯಬೇಕು.

ಉತ್ತರದಲ್ಲಿ ಮೂರು ಅಂಶಗಳನ್ನು ಗಮನಿಸತಕ್ಕದ್ದು. ಒಂದು, ಸರಾಸರಿ ಕಾಲ. ಎರಡು, ಅತಿ ಕಡಿಮೆ ಮತ್ತು ಅತಿ ಹೆಚ್ಚು ಕಾಲಗಳ ನಡುವಣ ಅಂತರ. ನಾಡಿ ಏರುಪೇರಾಗಿದ್ದರೆ ಮಾತು ತೊದಲುತ್ತದೆ. ಮೂರು, ಕಳೆದುಹೋದ ಪೊಟ್ಟಣಗಳ ಪ್ರಮಾಣ. ರೂಟರಿಗೆ ತಂತಿಯ ಮೂಲಕ ಜೋಡಿಸಿದ ಯಂತ್ರದಲ್ಲಿ ಕಾಲ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲೂ, ವೈಫೈ ಮೂಲಕವಾದರೆ ಹತ್ತರೊಳಗೂ ಇರುವುದು ಆರೋಗ್ಯದ ಲಕ್ಷಣ. ಒಂದು ಪೊಟ್ಟಣವೂ ಕಳೆಯಬಾರದು. ಇಲ್ಲಿಯೇ ಪೊಟ್ಟಣಗಳು ಕಳೆಯುತ್ತಿದ್ದರೆ ರೋಗ ಮನೆಯೊಳಗಿದೆ. ಯಾವ ದೊಡ್ಡ ಪ್ಲಾನಿಗೆ ಹಣ ಕಟ್ಟಿದರೂ ಅದು ಗುಣವಾಗದು.

ರೂಟರ್ ಸರಿಯಿದ್ದರೆ ಹೊರಗೆ ಹೋಗಬೇಕು. ಸದಾ ಉತ್ತರಿಸುವ ಸಾರ್ವಜನಿಕ ವಿಳಾಸಗಳಾದ 8.8.8.8 ಅಥವಾ 1.1.1.1ಕ್ಕೆ ಅದೇ ರೀತಿ ಐವತ್ತು ಪೊಟ್ಟಣ ಕಳಿಸಬೇಕು. ಇಲ್ಲಿ ನಷ್ಟ ಕಂಡುಬಂದು ರೂಟರಿನಲ್ಲಿ ಕಂಡುಬರದಿದ್ದರೆ, ದೋಷ ಮನೆಯಿಂದ ಕಂಪನಿಯವರೆಗಿನ ತಂತಿಯಲ್ಲೋ ಅದರಾಚೆಯೋ ಇದೆ. ಸಂಖ್ಯೆಗಳಿಂದ ಉತ್ತರ ಬಂದು, ಹೆಸರು ಬರೆದಾಗ ಮಾತ್ರ ಬಾರದಿದ್ದರೆ, ಹೆಸರನ್ನು ಸಂಖ್ಯೆಗೆ ಪರಿವರ್ತಿಸುವ ಸೇವೆ ಕೆಟ್ಟಿದೆಯೆಂದು ತಿಳಿಯಬೇಕು.

ಮೂರನೆಯ ಆದೇಶ ಟ್ರೇಸರ್ಟ್. ಟಿ, ಆರ್, ಎ, ಸಿ, ಇ, ಆರ್, ಟಿ. ಇದರ ಮೂಲರೂಪವನ್ನು ವಾನ್ ಜೇಕಬ್‌ಸನ್ ಎಂಬವರು 1987ರಲ್ಲಿ ರಚಿಸಿದರು. ಇದರ ಯುಕ್ತಿ ಬಸ್ಸಿನ ಟಿಕೆಟಿನಂತಿದೆ. ಮೊದಲ ಪೊಟ್ಟಣಕ್ಕೆ ಒಂದೇ ಸ್ಟೇಜಿನ ಟಿಕೆಟ್ಟು. ಮೊದಲ ನಿಲ್ದಾಣದ ಯಂತ್ರ ಅದನ್ನು ಇಳಿಸಿ, ಇಳಿಸಿದೆನೆಂದು ತನ್ನ ವಿಳಾಸದೊಂದಿಗೆ ಹಿಂದಕ್ಕೆ ತಿಳಿಸುತ್ತದೆ. ಮುಂದಿನದಕ್ಕೆ ಎರಡು ಸ್ಟೇಜು, ಅದರ ಮುಂದಿನದಕ್ಕೆ ಮೂರು. ಹೀಗೆ ದಾರಿಯ ಒಂದೊಂದು ನಿಲ್ದಾಣವೂ ತಿಳಿಯುತ್ತದೆ. ಪೊಟ್ಟಣ ಭೂಪಟದ ಹತ್ತಿರದ ದಾರಿಯನ್ನೇ ಹಿಡಿಯುವುದಿಲ್ಲವೆಂಬುದೂ ಇಲ್ಲಿ ಗೊತ್ತಾಗುತ್ತದೆ. ಹೈದರಾಬಾದು ಮತ್ತು ಬೀದರ ನೆರೆಹೊರೆಯಾದರೂ, ಎರಡು ಮನೆಗಳ ಕಂಪನಿಗಳು ಬೇರೆಯಾಗಿದ್ದು ಅವು ಮುಂಬಯಿಯಲ್ಲಿ ಮಾತ್ರ ಕೈಜೋಡಿಸಿದರೆ, ಮಾತು ಮುಂಬಯಿಗೆ ಹೋಗಿಯೇ ಬರಬೇಕು. ದೇಶದೊಳಗಿನ ಮಾತು ಪರದೇಶ ಸುತ್ತದೆ ಇಲ್ಲಿಯೇ ಕೈಬದಲಾಗಲೆಂದು 2003ರಲ್ಲಿ ನಿಕ್ಸಿ ಎಂಬ ಸಂಸ್ಥೆ ಸ್ಥಾಪಿತವಾಯಿತು. ಹೈದರಾಬಾದಿನಲ್ಲಿಯೂ ಅದರ ವಿನಿಮಯ ಕೇಂದ್ರವಿದೆ. ಟ್ರೇಸರ್ಟ್ ಉತ್ತರದ ನಡುವೆ ನಕ್ಷತ್ರ ಚಿಹ್ನೆಗಳು ಕಂಡರೆ ಗಾಬರಿಯಾಗಬೇಕಿಲ್ಲ. ಕೆಲವು ನಿಲ್ದಾಣಗಳು ಮೌನವ್ರತ ಪಾಲಿಸುತ್ತವೆ. ಮುಂದಿನ ನಿಲ್ದಾಣ ಉತ್ತರಿಸಿದರೆ ದಾರಿ ತೆರೆದಿದೆಯೆಂದೇ ಅರ್ಥ.

ನೇರವೇ, ಸುತ್ತುದಾರಿಯೇ?

ಇನ್ನು ಎರಡು ಮನೆಗಳ ನಡುವಣ ಪರೀಕ್ಷೆ. ಬೀದರದ ರೂಟರಿನ ವಿಳಾಸಕ್ಕೆ ಇಲ್ಲಿಂದ ಪಿಂಗ್ ಮಾಡಿದರೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ವಾಚ್‌ಮನ್ ತನ್ನ ಕರ್ತವ್ಯ ಮಾಡುತ್ತಿದ್ದಾನೆ, ಅಷ್ಟೇ. ಎರಡೂ ಮನೆಗಳನ್ನು ಒಂದು ಖಾಸಗಿ ಜಾಲಕ್ಕೆ ಸೇರಿಸುವ ತಂತ್ರಾಂಶ ಇದಕ್ಕೆ ಅವಶ್ಯ. ಜೇಸನ್ ಡೊನೆನ್‌ಫೆಲ್ಡ್ ರಚಿಸಿದ ವೈರ್‌ಗಾರ್ಡ್ ಎಂಬುದು ಇಂಥದು; ಅದು 2020ರ ಮಾರ್ಚಿನಲ್ಲಿ ಲಿನಕ್ಸಿನ ಅಂಗವಾಯಿತು. ಅದನ್ನೇ ಆಧರಿಸಿ, ಮಧ್ಯಸ್ಥನ ಕೆಲಸವನ್ನೂ ತಾನೇ ವಹಿಸುವ ಟೇಲ್‌ಸ್ಕೇಲ್ ಎಂಬ ತಂತ್ರಾಂಶ ಮನೆಬಳಕೆಗೆ ಸುಲಭ. ತಾಯಿಯ ಎಕ್ಸ್‌ರೇ ಮತ್ತು ರಕ್ತಪರೀಕ್ಷೆಯ ವರದಿಗಳನ್ನು ಬೀದರದ ಗಣಕದಿಂದ ಹೈದರಾಬಾದಿನ ಗಣಕಕ್ಕೆ ನೇರವಾಗಿ ತರಲೂ ಇಂಥ ಜಾಲ ಉಪಯುಕ್ತ.

ಎರಡೂ ಗಣಕಗಳಲ್ಲಿ ಅದನ್ನು ಸ್ಥಾಪಿಸಿದ ಮೇಲೆ, ಕಪ್ಪು ಕಿಟಕಿಯಲ್ಲಿ ಟೇಲ್‌ಸ್ಕೇಲ್ ಪಿಂಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ಎದುರು ಮನೆಯ ಗಣಕದ ಹೆಸರನ್ನು ಬರೆಯಬೇಕು. ಉತ್ತರದ ಮೊದಲ ಒಂದೆರಡು ಸಾಲುಗಳಲ್ಲಿ ಸಾಮಾನ್ಯವಾಗಿ ಡರ್ಪ್ ಎಂಬ ಪದವೂ ಒಂದು ಊರಿನ ಸಂಕ್ಷೇಪವೂ ಕಾಣುತ್ತವೆ. ಮಾತು ಆ ಊರಿನ ಮಧ್ಯಸ್ಥ ಕೇಂದ್ರದ ಮೂಲಕ ಸಾಗುತ್ತಿದೆಯೆಂದು ಇದರ ಅರ್ಥ. ಬೆಂಗಳೂರಿನಲ್ಲಿಯೂ ಅಂಥ ಕೇಂದ್ರವಿದೆ. ಕ್ಷಣಕಾಲದ ನಂತರ ಡರ್ಪ್ ಮಾಯವಾಗಿ, ಆ ಸ್ಥಾನದಲ್ಲಿ ಎದುರು ಮನೆಯ ವಿಳಾಸವೇ ಕಂಡುಬಂದರೆ, ಎರಡೂ ವಾಚ್‌ಮನ್‌ಗಳು ಬಾಗಿಲು ತೆರೆದರೆಂದು ತಿಳಿಯಬೇಕು. ಆದೇಶ ಅಲ್ಲಿಗೇ ತಾನಾಗಿ ನಿಲ್ಲುತ್ತದೆ. ಹತ್ತು ಸಲ ಪ್ರಯತ್ನಿಸಿಯೂ ಡರ್ಪ್ ಉಳಿದರೆ ನೇರ ದಾರಿ ದೊರೆಯಲಿಲ್ಲ. ಆಗ ಟೇಲ್‌ಸ್ಕೇಲ್ ನೆಟ್‌ಚೆಕ್ ಎಂಬ ಆದೇಶವನ್ನು ಎರಡೂ ಕಡೆ ಕೊಡಬೇಕು. ಅದರಲ್ಲಿ ಯು.ಡಿ.ಪಿ. ಎಂಬ ಸಾಲಿನ ಮುಂದೆ ಇಲ್ಲವೆಂದಿದ್ದರೆ ಆ ಮನೆಯ ಜಾಲ ಇಂಥ ಪೊಟ್ಟಣಗಳನ್ನೇ ತಡೆಯುತ್ತಿದೆ. ಎದುರು ವಿಳಾಸಕ್ಕೆ ತಕ್ಕಂತೆ ಟೋಕನ್ ಬದಲಾಗುತ್ತದೆಂಬ ಸಾಲು ನಿಜವೆಂದಿದ್ದರೆ, ಹಿಂದೆ ಹೇಳಿದ ಕಟ್ಟುನಿಟ್ಟಿನ ವಾಚ್‌ಮನ್ ಆ ಕಡೆ ಇದ್ದಾನೆ.

ದಾರಿಯ ಸಾಮರ್ಥ್ಯವನ್ನು ಅಳೆಯಬೇಕಾದರೆ ಐಪರ್ಫ್3 ಎಂಬ ಇನ್ನೊಂದು ಸಣ್ಣ ತಂತ್ರಾಂಶವಿದೆ. ಒಂದು ಮನೆಯಲ್ಲಿ ಅಡ್ಡಗೆರೆ ಎಸ್ ಎಂದು ಬರೆದು ಅದನ್ನು ಕಾಯಲು ಬಿಟ್ಟು, ಇನ್ನೊಂದು ಮನೆಯಲ್ಲಿ ಅಡ್ಡಗೆರೆ ಸಿ ಮತ್ತು ಮೊದಲ ಮನೆಯ ಖಾಸಗಿ ವಿಳಾಸ ಬರೆದರೆ, ಒಂದು ದಿಕ್ಕಿನ ವೇಗ ತಿಳಿಯುತ್ತದೆ. ಕೊನೆಗೆ ಅಡ್ಡಗೆರೆ ಮತ್ತು ದೊಡ್ಡ ಆರ್ ಸೇರಿಸಿದರೆ ಹಿಂದಿನ ದಿಕ್ಕು ತಿಳಿಯುತ್ತದೆ. ವೀಡಿಯೊ ಕರೆಗೆ ಪ್ರತಿ ದಿಕ್ಕಿನಲ್ಲಿ ಒಂದೆರಡು ಮೆಗಾಬಿಟ್ ಸಾಕು. ಆದ್ದರಿಂದಲೇ ನೂರರ ಪ್ಲಾನನ್ನು ಮುನ್ನೂರಕ್ಕೆ ಏರಿಸಿದರೂ ಕರೆ ಸುಧಾರಿಸದಿರುವುದು ಆಶ್ಚರ್ಯವಲ್ಲ. ಕೊರತೆಯಿರುವುದು ಅಗಲದಲ್ಲಲ್ಲ, ಸ್ಥಿರತೆಯಲ್ಲಿ.

ಪರಿಹಾರಗಳು

ದೋಷ ಮನೆಯೊಳಗಿದ್ದರೆ ಪರಿಹಾರಕ್ಕೆ ಖರ್ಚು ಕಡಿಮೆ. ರೂಟರನ್ನು ಕಪಾಟಿನೊಳಗಿಂದ ಹೊರತೆಗೆದು ಎತ್ತರದಲ್ಲಿಡುವುದು, ವೈದ್ಯರ ಭೇಟಿಯ ವೇಳೆಗೆ ಗಣಕವನ್ನು ತಂತಿಯಿಂದಲೇ ಜೋಡಿಸುವುದು, ರೂಟರಿನ ಸಮೀಪ ಕುಳಿತಾಗ 5 ಗಿಗಾಹರ್ಟ್ಸ್ ವೈಫೈಯನ್ನು ಆರಿಸುವುದು, ಇಷ್ಟರಿಂದಲೇ ಅನೇಕ ಕರೆಗಳು ಚೇತರಿಸಿಕೊಳ್ಳುತ್ತವೆ. ಸೂಕ್ಷ್ಮವಾದ ಇನ್ನೊಂದು ಕಾರಣವೂ ಉಂಟು. ಮದುವೆಯಿಂದ ಮರಳಿದವರ ಫೋನು ನೂರಾರು ಚಿತ್ರಗಳನ್ನು ತಾನಾಗಿಯೇ ಮೇಲಕ್ಕೆ ಕಳಿಸತೊಡಗಿದರೆ, ಹೊರಹೋಗುವ ದಾರಿಯಲ್ಲಿ ಸಾಲು ಬೆಳೆದು ಮಾತಿನ ಪೊಟ್ಟಣಗಳು ಹಿಂದೆ ಬೀಳುತ್ತವೆ. ಪಿಂಗ್ 20ರಿಂದ 300ಕ್ಕೆ ನೆಗೆದಾಗ ಈ ಸಂಶಯ ಬರಬೇಕು. ಚಿತ್ರಗಳ ರವಾನೆಯನ್ನು ರಾತ್ರಿಗೆ ಮುಂದೂಡಿದರೆ ಸಾಕು.

ದೋಷ ಕಂಪನಿಯ ಕಡೆಯಿದ್ದರೆ, ಪಿಂಗ್ ಮತ್ತು ಟ್ರೇಸರ್ಟ್ ಉತ್ತರಗಳನ್ನು ದಿನಾಂಕ, ವೇಳೆಗಳೊಂದಿಗೆ ಬರೆದಿಟ್ಟು ದೂರಿನೊಂದಿಗೆ ಕೊಡಬೇಕು. ಇಂಟರ್‌ನೆಟ್ ಸರಿಯಿಲ್ಲವೆಂಬ ದೂರಿಗಿಂತ, ರೂಟರಿಗೆ ನಷ್ಟವಿಲ್ಲ, ಹೊರಗೆ ನೂರಕ್ಕೆ ಎಂಟು ನಷ್ಟ, ಪ್ರತಿದಿನ ರಾತ್ರಿ ಎಂಟರಿಂದ ಹತ್ತು ಎಂಬ ದೂರಿಗೆ ತೂಕ ಹೆಚ್ಚು.

ನೇರ ದಾರಿಯೇ ದೊರೆಯದಿದ್ದರೆ ರೂಟರಿನ ಪುಟದಲ್ಲಿ ಅದರ ಹೊರವಿಳಾಸವನ್ನು ನೋಡಬೇಕು. ಅದು 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ, ಕಂಪನಿಯೂ ತನ್ನದೊಂದು ಹೆಬ್ಬಾಗಿಲು ಇಟ್ಟಿದೆ. ಈ ವಿಳಾಸಗಳು 2012ರಲ್ಲಿ ಅದಕ್ಕೆಂದೇ ಮೀಸಲಾದವು. ಟೇಲ್‌ಸ್ಕೇಲ್ ಗಣಕಗಳಿಗೆ ಕೊಡುವ ಖಾಸಗಿ ವಿಳಾಸಗಳೂ ಇದೇ ಸಾಲಿನವಾದುದರಿಂದ, ರೂಟರಿನ ಪುಟದ ಅಂಕಿಯನ್ನೇ ನೋಡಬೇಕೆಂಬುದನ್ನು ಮರೆಯಬಾರದು. ಇದಕ್ಕೆ ಉತ್ತಮ ಪರಿಹಾರ ಹೊಸ ವಿಳಾಸಪದ್ಧತಿಯಾದ ಐಪಿವಿ6. ಅದರಲ್ಲಿ ವಿಳಾಸಗಳಿಗೆ ಬರವಿಲ್ಲ. ಪ್ರತಿ ಯಂತ್ರಕ್ಕೂ ತನ್ನದೇ ವಿಳಾಸ. ಪಿಂಗ್, ಅಡ್ಡಗೆರೆ 6, ಯಾವುದಾದರೂ ದೊಡ್ಡ ತಾಣದ ಹೆಸರು ಬರೆದು ಉತ್ತರ ಬಂದರೆ ಅದು ಮನೆಗೆ ತಲಪಿದೆ. ಬಾರದಿದ್ದರೆ ಕಂಪನಿಯನ್ನು ಕೇಳಬೇಕು. ಎಷ್ಟೋ ಕಡೆ ರೂಟರಿನಲ್ಲಿ ಅದನ್ನು ಚಾಲೂ ಮಾಡುವುದಷ್ಟೇ ಬಾಕಿಯಿರುತ್ತದೆ.

ವೈರ್‌ಗಾರ್ಡನ್ನು ಸ್ವತಃ ನಡೆಸುವವರು ಡಬ್ಲ್ಯೂಜಿ ಶೋ ಎಂಬ ಆದೇಶದಿಂದ ಕೊನೆಯ ಕೈಕುಲುಕು ಯಾವಾಗ ನಡೆಯಿತೆಂದು ನೋಡಬಹುದು. ವ್ಯವಹಾರ ನಡೆಯುತ್ತಿರುವಾಗ ಅದು ಸುಮಾರು ಎರಡು ನಿಮಿಷಕ್ಕೊಮ್ಮೆ ನವೀಕರಣಗೊಳ್ಳಬೇಕು. ಸುಮ್ಮನಿದ್ದಾಗ ಸಂಪರ್ಕ ಸಾಯುತ್ತಿದ್ದರೆ, ವಾಚ್‌ಮನ್ ಪುಸ್ತಕದಿಂದ ಹೆಸರು ಹೊಡೆದುಹಾಕಿದ್ದಾನೆ. 25 ಸೆಕೆಂಡಿಗೊಮ್ಮೆ ಸಣ್ಣ ಪೊಟ್ಟಣ ಕಳಿಸುವಂತೆ ಹೊಂದಿಸಿದರೆ ಅವನ ನೆನಪು ಹಸಿರಾಗಿರುತ್ತದೆ.

ಪಥ್ಯ ಮತ್ತು ಎಚ್ಚರಿಕೆ

ನೇರ ದಾರಿಗೂ ಒಂದು ಬೆಲೆಯುಂಟು: ಎದುರು ಕಡೆಯವರಿಗೆ ಈ ಮನೆಯ ಜಾಲವಿಳಾಸ ತಿಳಿಯುತ್ತದೆ. ಅದನ್ನು ಮರೆಸಲು ವಾಟ್ಸ್‌ಆ್ಯಪ್ 2023ರ ನವೆಂಬರಿನಲ್ಲಿ ಒಂದು ಆಯ್ಕೆಯನ್ನು ನೀಡಿತು. ಅದನ್ನು ಆರಿಸಿಕೊಂಡರೆ ಎಲ್ಲ ಕರೆಗಳೂ ಕೇಂದ್ರದ ಮೂಲಕ ಸಾಗುತ್ತವೆ. ಗುಣಮಟ್ಟ ತುಸು ತಗ್ಗಬಹುದು. ಅಪರಿಚಿತರ ಕರೆಗಳು ಹೆಚ್ಚಾಗಿ ಬರುವವರಿಗೆ ಇದು ಲೇಸು. ತಾಯಿಯೊಡನೆ ಮಾತ್ರ ಮಾತನಾಡುವವರಿಗೆ ಅನಾವಶ್ಯಕ.

ಸಂಪರ್ಕ ಸುಧಾರಿಸಲೆಂದು ರೂಟರಿನ ಬಾಗಿಲುಗಳನ್ನು ಶಾಶ್ವತವಾಗಿ ತೆರೆದಿಡುವುದು ಸಲ್ಲದು. ತೆರೆದ ಬಾಗಿಲನ್ನು ಹುಡುಕುವ ಯಂತ್ರಗಳು ಹಗಲಿರುಳು ಜಾಲದಲ್ಲಿ ಸಂಚರಿಸುತ್ತವೆ. ವೈರ್‌ಗಾರ್ಡಿನ ಸಾರ್ವಜನಿಕ ಕೀಲಿಯನ್ನು ಎದುರು ಮನೆಗೆ ಕೊಡಬಹುದು. ಖಾಸಗಿ ಕೀಲಿಯನ್ನು ಸ್ವಂತ ಅಣ್ಣತಮ್ಮಂದಿರಿಗೂ ಕಳಿಸಬಾರದು.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದಿದೆ. ಕರೆ ಮಾಡಿ, ತಾನು ದೂರವಾಣಿ ಕಂಪನಿಯವನೆಂದೋ ಪೊಲೀಸನೆಂದೋ ಹೇಳಿಕೊಂಡು, ಕಪ್ಪು ಕಿಟಕಿಯನ್ನು ತೆರೆದು ತಾನು ಹೇಳಿದ್ದನ್ನು ಬರೆಯಿರಿ, ದೂರದಿಂದ ಗಣಕ ನಡೆಸುವ ತಂತ್ರಾಂಶವನ್ನು ಹಾಕಿಕೊಳ್ಳಿ ಎನ್ನುವವನ ಮಾತನ್ನು ಎಂದಿಗೂ ಪಾಲಿಸಬಾರದು. ಇಂಥ ವಂಚನೆಗಳಿಗೆ ಹಿರಿಯರೇ ಹೆಚ್ಚಾಗಿ ಗುರಿಯಾಗುತ್ತಿದ್ದಾರೆ. ಮೋಸ ನಡೆದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸಬೇಕು. ಆದೇಶದ ಅರ್ಥ ತಿಳಿದು ಬರೆಯುವವನಿಗೆ ಆ ಕಿಟಕಿ ಸೇವಕ. ತಿಳಿಯದೆ ಬರೆಯುವವನಿಗೆ ಅಪಾಯ.

ಹಾಗೆಯೇ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವಿಕೆಯಂಥ ತುರ್ತು ಲಕ್ಷಣಗಳು ಕಂಡಾಗ ಜಾಲವನ್ನು ಪರೀಕ್ಷಿಸುತ್ತ ಕೂರಬಾರದು. ಸಾಧಾರಣ ದೂರವಾಣಿಯಿಂದಲೇ 108ಕ್ಕೆ ಕರೆ ಮಾಡತಕ್ಕದ್ದು. ನೆರೆಮನೆಯವರ ದೂರವಾಣಿ ಸಂಖ್ಯೆಯನ್ನು ದೂರದಲ್ಲಿರುವ ಮಕ್ಕಳು ಬರೆದಿಟ್ಟುಕೊಂಡಿರುವುದೂ ಅಷ್ಟೇ ಅವಶ್ಯ.

ಆರೋಗ್ಯವಾಗಿರುವಾಗಲೇ ರಕ್ತದೊತ್ತಡ ನೋಡಿಸಿ ಬರೆದಿಡುವಂತೆ, ಸಂಪರ್ಕ ಚೆನ್ನಾಗಿರುವ ದಿನವೇ ಎರಡೂ ಮನೆಗಳ ಪಿಂಗ್ ಸಂಖ್ಯೆಗಳನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಕೆಟ್ಟ ದಿನ ಬಂದಾಗ ಹೋಲಿಸಲು ಅದೇ ಆಧಾರ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ, ಅಲ್ಲಿನ ರೂಟರಿನ ಸ್ಥಾನವನ್ನು ನೋಡಿ, ಮನೆಯಲ್ಲಿರುವ ಹುಡುಗನಿಗೋ ಹುಡುಗಿಗೋ ಈ ಮೂರು ಆದೇಶಗಳನ್ನು ಕಲಿಸಿ ಬರಲು ಅರ್ಧ ಗಂಟೆ ಸಾಕು. ಆಮೇಲೆ ಒಂದು ರಾತ್ರಿ ತಾಯಿಯ ಮಾತು ತುಂಡಾದಾಗ, ದೋಷ ತಂತಿಯಲ್ಲಿದೆಯೋ ಅವರ ಉಸಿರಿನಲ್ಲಿದೆಯೋ ಎಂಬ ಸಂದೇಹಕ್ಕೆ ಎಡೆಯಿರುವುದಿಲ್ಲ.